ಡಿಸೆಂಬರ್ ರಜೆಗೆ ಗೋಕರ್ಣವೋ ಕಾರವಾರವೋ?

ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳಿದ್ದರೆ ಕಾರವಾರ. ಗೆಳೆಯರ ಗುಂಪಾದರೆ ಗೋಕರ್ಣ. ಎರಡೂ ಕಡೆ ಸ್ವೆಟರ್ ಕೆಲಸಕ್ಕೆ ಬರಲ್ಲ. ಕರಾವಳಿಯ ಚಳಿ ಅಂದರೆ ಬೆಳಗಿನ ಜಾವದ ತಂಪು, ಅಷ್ಟೇ. ಮಧ್ಯಾಹ್ನ ಬೆವರುತ್ತೀರಿ.

ಗೋಕರ್ಣದ ನಿಜವಾದ ಮಜಾ ನಡಿಗೆಯಲ್ಲಿದೆ. ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿ ಓಂ ಬೀಚಿಗೆ ಇಳಿಯುವ ದಾರಿಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಒಣ ಹುಲ್ಲು, ಕೆಳಗೆ ಬಂಡೆಗೆ ಬಡಿಯುವ ಅಲೆ. ಬೆಳಿಗ್ಗೆ ಬೇಗ ಹೊರಡಿ, ಚಪ್ಪಲಿಗಿಂತ ಶೂ ವಾಸಿ. ಊರೊಳಗೆ ಮಹಾಬಲೇಶ್ವರನ ದರ್ಶನ. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರೂಮಿನ ಬಾಡಿಗೆ ಸಿಕ್ಕಾಪಟ್ಟೆ ಏರುತ್ತದೆ. ಆ ವಾರ ಸುಮ್ನೆ ಹೋಗಿ ನೋಡೋಣ ಅಂದುಕೊಳ್ಳಬೇಡಿ.

ಕಾರವಾರ ಜಿಲ್ಲಾ ಕೇಂದ್ರ. ಆಸ್ಪತ್ರೆ, ಬಸ್‌ಸ್ಟ್ಯಾಂಡು, ಮಾರ್ಕೆಟ್ ಎಲ್ಲ ಹತ್ತಿರ. ಬೀಚ್ ಕೂಡ ಊರಿಗೆ ಅಂಟಿಕೊಂಡೇ ಇದೆ, ಗುಡ್ಡ ಹತ್ತಬೇಕಿಲ್ಲ. 1883ರಲ್ಲಿ ಇಲ್ಲಿ ಬಂದು ಉಳಿದಿದ್ದ ಟಾಗೋರರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಮರಳ ಪಕ್ಕದಲ್ಲೇ ಈಗ ಮ್ಯೂಸಿಯಂ ಆಗಿರುವ ‘ಚಪಲ್’ ಎಂಬ ಹಳೆಯ ಯುದ್ಧನೌಕೆ ನಿಂತಿದೆ, ಮಕ್ಕಳಿಗೆ ಅದೊಂದೇ ಸಾಕು. ಊಟಕ್ಕೂ ನನ್ನ ಓಟು ಕಾರವಾರಕ್ಕೇ: ಬಂಗುಡೆ ರವಾ ಫ್ರೈ, ಜೊತೆಗೆ ಕೋಕಂ, ತೆಂಗಿನಹಾಲಿನ ಸೋಲ್ ಕಡಿ. ರಾತ್ರಿ ಗಲಾಟೆ, ಪಾರ್ಟಿ ಬೇಕೆನ್ನುವವರಿಗೆ ಮಾತ್ರ ಬೋರ್ ಆಗಬಹುದು.

ಎರಡಕ್ಕೂ ನಡುವೆ ಸುಮಾರು 60 ಕಿ.ಮೀ. ಮಾತ್ರ. ಕಾರವಾರದಲ್ಲಿ ಉಳಿದು, ಒಂದು ದಿನ ಗೋಕರ್ಣಕ್ಕೆ ಹೋಗಿಬರಬಹುದು ಅಲ್ವಾ?