ವೇಲ್ ಟೇಲ್ ನಂಬರ್ ಪ್ಲೇಟು: ದುಡ್ಡಿಗೆ ತಕ್ಕ ಮಾಲಾ?

ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ ಮಾಮೂಲಿ ಬಿಳಿ ಪ್ಲೇಟು ಬೇಡ ಅಂದರೆ ಆಯ್ಕೆಗೇನೂ ಬರವಿಲ್ಲ. ಯೊಸೆಮಿಟಿ ಬೆಟ್ಟ ಇದೆ, ಟಾಹೋ ಸರೋವರ ಇದೆ, ಮ್ಯೂಸಿಯಂಗಳಿಗೆ ದುಡ್ಡು ಕೂಡಿಸುವ ಕಾರ್ಟೂನ್ ನಾಯಿ ಸ್ನೂಪಿ ಇದೆ, ನಾಯಿ-ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ನೆರವಾಗುವ ಪ್ಲೇಟೂ ಇದೆ. ನಾನು ತಗೊಂಡಿದ್ದು ವೇಲ್ ಟೇಲ್. ನೀಲಿ ಸಮುದ್ರದಿಂದ ಮೇಲೆದ್ದ ತಿಮಿಂಗಿಲದ ಬಾಲ, ದುಡ್ಡು ಸಮುದ್ರದಂಡೆಯ ಕೆಲಸಕ್ಕೆ. ಹೊನ್ನಾವರದವಳು ಬೆಟ್ಟದ ಪ್ಲೇಟು ಹಾಕಿಕೊಂಡು ಊರಿಗೆ ಫೋಟೋ ಕಳಿಸಿದರೆ ಅಪ್ಪ ಸುಮ್ಮನಿರ್ತಾರಾ?

ಮೊದಲು ದುಡ್ಡಿನ ಮಾತು. ಡಿಎಂವಿಯವರೇ (ಅಂದರೆ ಇಲ್ಲಿನ ಆರ್‌ಟಿಓ) ಕೊಡುವ ನಂಬರ್ ಸಾಕು ಅಂದರೆ 50 ಡಾಲರ್, ಆಮೇಲೆ ಪ್ರತಿ ವರ್ಷ 40. ನಮಗೆ ಬೇಕಾದ ಅಕ್ಷರಗಳೇ ಬೇಕು ಅಂದರೆ 103, ಆಮೇಲೆ ವರ್ಷಕ್ಕೆ 83. ಇದೆಲ್ಲ ಮಾಮೂಲಿ ರಿಜಿಸ್ಟ್ರೇಷನ್ ಶುಲ್ಕದ ಮೇಲೆ. ನಮ್ಮ ಯಜಮಾನರಿಗೆ ಊರಿನ ಹೆಸರು ಬರೆಸುವ ಆಸೆ ಇತ್ತು. ನಾನು ಒಪ್ಪಲಿಲ್ಲ. ಹೆಸರು ಬೇಕಿದ್ದರೆ ಗ್ಯಾರೇಜಿನ ಗೋಡೆ ಖಾಲಿ ಇದೆ.

ತುಂಬಾ ಜನ ಗಮನಿಸದ ವಿಷಯ ಒಂದಿದೆ. ಆ 50 ಡಾಲರ್ ಪೂರ್ತಿ ಸಮುದ್ರದಂಡೆಗೇ ಹೋಗುವುದಿಲ್ಲ. ಪ್ಲೇಟಿನ ಖರ್ಚು ಕಳೆದ ಮೇಲೆ ಒಂದು ಪಾಲು ಕರಾವಳಿಯ ನಿಧಿಗೆ, ಇನ್ನೊಂದು ಪಾಲು ರಾಜ್ಯದ ಪರಿಸರ ನಿಧಿಗೆ. ಕರಾವಳಿಯ ಪಾಲಿನಿಂದ ಕೋಸ್ಟಲ್ ಕಮಿಷನ್ (ರಾಜ್ಯದ ಕರಾವಳಿ ಆಯೋಗ) ಶಾಲೆಗಳಿಗೂ ಸಣ್ಣ ಸಂಘಗಳಿಗೂ ಅನುದಾನ ಕೊಡುತ್ತದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಬೀಚ್ ಸ್ವಚ್ಛ ಮಾಡುವ ದಿನ ನಡೆಸುತ್ತದೆ. ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸಿಗರೇಟ್ ತುಂಡು ಎಷ್ಟು ಆರಿಸಿದರೂ ಮುಗಿಯಲ್ಲ.

ಯಾವ ಸಂಘಕ್ಕೆ ಪ್ಲೇಟು ಸಿಗುತ್ತದೆ ಅನ್ನುವ ಕಥೆ ನನಗೆ ಪ್ಲೇಟಿಗಿಂತ ಜಾಸ್ತಿ ಇಷ್ಟವಾಯಿತು. ಮೊದಲು ಇಲ್ಲಿ ಶಾಸಕರೇ ಒಂದೊಂದಕ್ಕೂ ಮಸೂದೆ ತಂದು ಒಪ್ಪಿಗೆ ಕೊಡುತ್ತಿದ್ದರು. ಗರ್ಭಪಾತ ವಿರೋಧಿಗಳ ಪ್ಲೇಟಿನ ಪ್ರಶ್ನೆ ಕೋರ್ಟಿಗೆ ಹೋಯಿತು. ಶಾಸಕರು ತಮಗೆ ಬೇಕಾದವರಿಗೆ ಕೊಟ್ಟು ಬೇಡದವರಿಗೆ ಇಲ್ಲ ಅನ್ನುವಂಥ ಪದ್ಧತಿ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ 2004ರಲ್ಲಿ ಫೆಡರಲ್ ಕೋರ್ಟ್ ಹೇಳಿತು. 2007ರಿಂದ ಹೊಸ ನಿಯಮ: ರಾಜ್ಯದ ಇಲಾಖೆ ಮಾತ್ರ ಪ್ಲೇಟು ಕೇಳಬಹುದು, ಖಾಸಗಿ ಸಂಘಗಳು ಕೇಳುವಂತಿಲ್ಲ. ಇಲಾಖೆಯೂ ಮೊದಲು 7,500 ಜನರಿಂದ ಅರ್ಜಿ ಮತ್ತು ಹಣ ಕೂಡಿಸಬೇಕು. ಕಪ್ಪು ಬಣ್ಣದ 1960ರ ಕಾಲದ ಪ್ಲೇಟು ಆ ಸಂಖ್ಯೆ ದಾಟಿತು, ಜೊತೆಗೇ ಬಂದ 1950 ಮತ್ತು 1970ರ ಮಾದರಿಗಳು ಬಿದ್ದುಹೋದವು. ಈಗ ಟೆಸ್ಲಾಗಳ ಮೇಲೂ ಅದೇ ಕಪ್ಪು ಪ್ಲೇಟು, ಬರೀ ಸ್ಟೈಲಿಗೆ. ಪರವಾಗಿಲ್ಲ ಬಿಡಿ, ಅದರ ದುಡ್ಡೂ ಪರಿಸರ ನಿಧಿಗೇ ಸೇರುತ್ತದೆ.

ಈ ನಿಯಮ ನನಗೆ ಸರಿ ಅನ್ನಿಸುತ್ತದೆ. ಸರ್ಕಾರ ಅಚ್ಚು ಹಾಕಿದ ತಗಡಿನ ಮೇಲೆ ಯಾರ್ಯಾರದೋ ಘೋಷಣೆ ಯಾಕೆ ಬೇಕು? ಟೆಕ್ಸಾಸ್‌ನಲ್ಲಿ ಕಾನ್‌ಫೆಡರೇಟ್ ಬಾವುಟದ (ಹಿಂದೆ ಗುಲಾಮಗಿರಿ ಉಳಿಸಲು ಸಿಡಿದು ಹೋದ ದಕ್ಷಿಣದ ರಾಜ್ಯಗಳ ಬಾವುಟ) ಪ್ಲೇಟಿನ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಸಹ ಪ್ಲೇಟು ಅಂದರೆ ಸರ್ಕಾರದ ಮಾತು ಅಂದಿತು. ಅದೂ 5-4ರಲ್ಲಿ, ಕೂದಲೆಳೆಯಲ್ಲಿ.

ಇನ್ನು ಕೈಗೆ ಬಂದ ಮಾಲು. ಇಲ್ಲಿನ ಪ್ಲೇಟುಗಳನ್ನು ಫೋಲ್ಸಮ್ ಜೈಲಿನಲ್ಲಿ ಕೈದಿಗಳು ಮಾಡುತ್ತಾರೆ. ಕೆಲಸ ಅಚ್ಚುಕಟ್ಟು. ಬಣ್ಣ ಬಿಸಿಲಿಗೆ ಮಂಕಾಗಿಲ್ಲ. ಬರುವುದಕ್ಕೆ ಮಾತ್ರ ವಾರಗಟ್ಟಲೆ ಕಾಯಬೇಕು. ಎರಡು ಬರುತ್ತವೆ, ಹಿಂದೆ ಮುಂದೆ ಎರಡೂ ಕಡ್ಡಾಯ. ಡಿಎಂವಿಗೆ ತರಲು ಹೋಗುವಾಗ ಹಳೆಯ ಎರಡೂ ಪ್ಲೇಟು ಬಿಚ್ಚಿಕೊಂಡೇ ಹೋಗಿ. ಕೌಂಟರಿನಲ್ಲಿ ನನ್ನ ಮುಂದಿದ್ದವರು ಹಿಂದಿನದೊಂದನ್ನೇ ಹಿಡಿದು ಬಂದಿದ್ದರು. ಸ್ಕ್ರೂಡ್ರೈವರ್ ಹಿಡಿದು ಪಾರ್ಕಿಂಗಿನಲ್ಲಿ ಮೊಣಕಾಲೂರಿ ಕೂತಿದ್ದನ್ನು ನೋಡಿ ಪಾಪ ಅನ್ನಿಸಿತು.

ನಂಬರ್ ಬದಲಾದ ದಿನವೇ ಟೋಲ್ ಕಟ್ಟುವ ಫಾಸ್ಟ್‌ಟ್ರ್ಯಾಕ್ ಖಾತೆ, ಇನ್ಶೂರೆನ್ಸ್, ಆಫೀಸ್ ಪಾರ್ಕಿಂಗ್ ಎಲ್ಲ ಕಡೆ ಹೊಸ ನಂಬರ್ ಹಾಕಿ. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಸೇತುವೆಗಳ ಟೋಲ್ ಕ್ಯಾಮೆರಾ ಯಾರ ಮುಖವನ್ನೂ ನೋಡಲ್ಲ, ಪ್ಲೇಟನ್ನೇ ನೋಡೋದು.

ನನ್ನ ಮಾರ್ಕು ಐದಕ್ಕೆ ನಾಲ್ಕು. ವರ್ಷಾವರ್ಷ 40 ಕೊಡಬೇಕಾದ್ದಕ್ಕೆ ಒಂದು ಕಡಿಮೆ. ಒಂದೇ ಸಲ ದಾನ ಮಾಡಿ ಮುಗಿಸುವ ಮನಸ್ಸಿದ್ದರೆ ನೇರವಾಗಿ ಯಾವುದಾದರೂ ಸಂಘಕ್ಕೇ ಚೆಕ್ ಬರೆಯಿರಿ. ಪ್ಲೇಟು ತಗೊಂಡರೆ ಅದು ಕಾರಿನದಲ್ಲ, ನಿಮ್ಮದು. ಕಾರು ಮಾರುವ ದಿನ ಬಿಚ್ಚಿ ಇಟ್ಟುಕೊಳ್ಳಿ, ಮುಂದಿನ ಕಾರಿಗೆ ವರ್ಗಾಯಿಸಿಕೊಳ್ಳಬಹುದು.