ಜಿಮ್ಯಾಟ್ ಎರಡನೇ ಸಲ: ಲೈವ್ ಬ್ಯಾಚೋ, ರೆಕಾರ್ಡೆಡ್ ಕೋರ್ಸೋ?

ಎಂಬಿಎಯಂಥ ಕೋರ್ಸುಗಳ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಮೊದಲ ಸಲ ಅಂದುಕೊಂಡಷ್ಟು ಸ್ಕೋರ್ ಬಾರದಿದ್ದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು. ಆದರೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಎಲ್ಲಿ ಎಡವಿದಿರಿ ಅಂತ ನೋಡಿ.

ಲೈವ್ ಬ್ಯಾಚ್ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡುತ್ತದೆ. ಬುನಾದಿಯೇ ಗಟ್ಟಿಯಿಲ್ಲದವರಿಗೆ, ಒಬ್ಬರೇ ಕೂತು ಓದಲು ಆಗದವರಿಗೆ ಅದೇ ಸರಿ. ಆದರೆ ಕ್ವಾಂಟ್ (ಗಣಿತದ ಭಾಗ) ಚೆನ್ನಾಗಿ ಬರುವವರು ಶೇಕಡಾವಾರು ಲೆಕ್ಕವನ್ನು ಇನ್ನೊಮ್ಮೆ ಯಾಕೆ ಕೇಳಬೇಕು? ಸುಮ್ನೆ ಟೈಮ್ ಹಾಳು ಅಲ್ವಾ?

ರೆಕಾರ್ಡೆಡ್ ಕೋರ್ಸಿನಲ್ಲಿ ಬೇಕಾದ ಪಾಠಕ್ಕೆ ನೇರವಾಗಿ ಹೋಗಬಹುದು. ಎರಡನೇ ಸಲ ಬರೆಯುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಉದಾಹರಣೆಗೆ, ಟೇಬಲ್, ಗ್ರಾಫ್ ನೋಡಿ ಉತ್ತರಿಸುವ ಭಾಗವಾದ ಡೇಟಾ ಇನ್‌ಸೈಟ್ಸ್ ತಗೊಳ್ಳಿ: 45 ನಿಮಿಷ, 20 ಪ್ರಶ್ನೆ. ಒಂದಕ್ಕೆ ಎರಡೂಕಾಲು ನಿಮಿಷ. ಒಂದೇ ಟೇಬಲ್ ಮುಂದೆ ಐದು ನಿಮಿಷ ಕೂತರೆ ಕೊನೆಯ ಪ್ರಶ್ನೆಗಳು ಕೈತಪ್ಪುತ್ತವೆ. ಇದಕ್ಕೆ ಪಾಠಕ್ಕಿಂತ ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸವೇ ಜಾಸ್ತಿ ಬೇಕು.

ಯಾವುದಕ್ಕೂ ಸೇರುವ ಮೊದಲು ಜಿಮ್ಯಾಟ್‌ನವರೇ ಉಚಿತವಾಗಿ ಕೊಡುವ ಎರಡು ಮಾದರಿ ಪರೀಕ್ಷೆ ಬರೆಯಿರಿ. ತಪ್ಪಿದ ಪ್ರತಿ ಪ್ರಶ್ನೆಯ ಪಕ್ಕ "ಗೊತ್ತಿರಲಿಲ್ಲ" ಅಥವಾ "ಟೈಮ್ ಸಾಲಲಿಲ್ಲ" ಅಂತ ಬರೆದಿಡಿ. ಮೊದಲನೆಯದೇ ಜಾಸ್ತಿಯಿದ್ದರೆ ಲೈವ್ ಬ್ಯಾಚ್ ಸೇರಿ.