ನಾಲ್ಕೂವರೆ ವರ್ಷದ ಎಲೆಕ್ಟ್ರಿಕ್ ಕಾರು: ಎಕ್ಸ್‌ಚೇಂಜ್‌ಗೆ ಕೊಡೋದಾ, ಇಟ್ಕೊಳ್ಳೋದಾ?

2021ರ ಅಕ್ಟೋಬರ್‌ನಲ್ಲಿ ತಗೊಂಡ ಕಾರು. ಆನ್‌ರೋಡ್ ಹದಿನೈದೂವರೆ ಲಕ್ಷ ಆಗಿತ್ತು. ಇವತ್ತಿಗೆ 62 ಸಾವಿರ ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ, ಆ ಕಾಲದ 30 ಯೂನಿಟ್ ಬ್ಯಾಟರಿಯ ಗಾಡಿಗಳ ಕಥೆ ಹೆಚ್ಚುಕಮ್ಮಿ ಇದೇ. ಎರಡು ತಿಂಗಳಿಂದ ಮಗ ಹೊಸದು ತಗೋ ಅಂತ ಹಿಂದೆ ಬಿದ್ದಿದ್ದಾನೆ. ಹಾಗಾಗಿ ಕೂತು ಲೆಕ್ಕ ಹಾಕಿದೆ.

ಮೊದಲು ಒಳ್ಳೆಯದು. ದಾವಣಗೆರೆ ಊರೊಳಗೆ, ಹರಿಹರ, ದುರ್ಗ ಅಂತ ಓಡಾಡೋಕೆ ಇದಕ್ಕಿಂತ ಆರಾಮದ ಗಾಡಿ ನಾನು ಓಡಿಸಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ಹಳೇ ಪೆಟ್ರೋಲ್ ಕಾರಿಗೆ ಏಳು ರೂಪಾಯಿ ಮೇಲೆ ಬೀಳುತ್ತಿತ್ತು. ಬ್ರೇಕ್ ಪ್ಯಾಡ್ ಇನ್ನೂ ಕಂಪನಿಯಿಂದ ಬಂದದ್ದೇ ಇದೆ, ಯಾಕಂದ್ರೆ ಕಾಲು ತೆಗೆದರೆ ಮೋಟರೇ ಗಾಡಿಯನ್ನು ನಿಧಾನ ಮಾಡುತ್ತದೆ. ಟೈರ್ ಮಾತ್ರ 40 ಸಾವಿರ ಕಿಲೋಮೀಟರಿಗೇ ನಾಲ್ಕೂ ಬದಲಾಯಿಸಬೇಕಾಯಿತು, ಗಾಡಿ ತೂಕ ಜಾಸ್ತಿ ಅಲ್ವಾ. ಆಮೇಲೆ ಒಂದು ಬೆಳಿಗ್ಗೆ ಕಾರು ಏಳಲೇ ಇಲ್ಲ. ದೊಡ್ಡ ಬ್ಯಾಟರಿ ಹೋಯಿತು ಅಂತ ಎದೆ ಧಸಕ್ಕೆಂದಿತು, ನೋಡಿದರೆ ಸತ್ತಿದ್ದು ಎಲ್ಲಾ ಕಾರಿನಲ್ಲೂ ಇರುವ ಸಣ್ಣ 12 ವೋಲ್ಟ್ ಬ್ಯಾಟರಿ.

ಮನೆಯಲ್ಲಿ ಚಾರ್ಜಿಂಗ್ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. 15 ಆಂಪಿಯರ್ ಪಾಯಿಂಟ್ ಇದ್ದರೆ ಸಾಕು ಅಂದಿದ್ದರು. ಹಾಕಿದರೆ ಕೆಂಪು ದೀಪ. ಅರ್ಥಿಂಗ್ ಸರಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ ಹೊಸ ಅರ್ಥಿಂಗ್ ಮಾಡಿದ ಮೇಲೇ ಹಸಿರು ದೀಪ ಬಂದಿದ್ದು. ಈಗಲೂ ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹಾಕುತ್ತೇನೆ, ಇಲ್ಲದಿದ್ದರೆ ಮತ್ತೆ ಕೆಂಪು. ಇನ್ನೊಂದು ಗೃಹಜ್ಯೋತಿ. 2023ರಲ್ಲಿ ಬೀದಿಗೆಲ್ಲ ಸೊನ್ನೆ ಬಿಲ್ ಬಂತು, ನಮಗೆ ಬರಲಿಲ್ಲ. ಮನೆಗೆ 140 ಯೂನಿಟ್, ಕಾರಿಗೆ 190. 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮನೆಯವರು ಇವತ್ತಿಗೂ ಆ ದುಡ್ಡನ್ನು ಕಾರಿನ ಖಾತೆಗೇ ಬರೆಯುತ್ತಾರೆ.

ಸರಿ, ಬ್ಯಾಟರಿ ಎಷ್ಟು ಸವೆದಿದೆ? ಡ್ಯಾಶ್‌ಬೋರ್ಡ್ ತೋರಿಸುವ ರೇಂಜ್ ನಂಬಬೇಡಿ, ಅದು ನೀವು ನಿನ್ನೆ ಹೇಗೆ ಓಡಿಸಿದಿರಿ ಅನ್ನೋದನ್ನು ಹೇಳುತ್ತೆ ಅಷ್ಟೇ. ನಾನು ಚಾರ್ಜಿಂಗ್ ಪಾಯಿಂಟಿಗೆ ಒಂದು ಸಬ್‌ಮೀಟರ್ ಹಾಕಿಸಿ, ಶೇ. 10ರಿಂದ 100ಕ್ಕೆ ತುಂಬಿಸಿ ನೋಡಿದೆ. 26.5 ಯೂನಿಟ್ ಎಳೆಯಿತು. ಚಾರ್ಜ್ ಆಗುವಾಗ ಶಾಖವಾಗಿ ಹೋಗೋದು ಹತ್ತರಲ್ಲಿ ಒಂದು ಭಾಗ ಅಂತ ಕಳೆದರೆ 24 ಉಳಿಯಿತು. ಇದು ಶೇ. 90ರ ಲೆಕ್ಕ, ಪೂರ್ತಿಗೆ 26.5. ಅಂದರೆ 30ರಲ್ಲಿ ಶೇ. 88 ಉಳಿದಿದೆ. ನಮ್ಮ ಬಿಸಿಲಿಗೆ ಇದು ಕೆಟ್ಟದ್ದೇನಲ್ಲ.

ಊರೊಳಗೆ ಈ ಶೇ. 12 ಗೊತ್ತೇ ಆಗಲ್ಲ. ಗೊತ್ತಾಗುವುದು ಬೆಂಗಳೂರಿಗೆ ಹೊರಟಾಗ. ನಮ್ಮಿಂದ ಸುಮಾರು 265 ಕಿಲೋಮೀಟರ್. ಮೊದಲು ಹೈವೇನಲ್ಲಿ ಎಸಿ ಹಾಕಿಕೊಂಡು 185 ಬರುತ್ತಿತ್ತು, ಶಿರಾದಲ್ಲಿ ಒಂದು ಸಲ ನಿಲ್ಲಿಸಿ, ಊಟ ಮಾಡಿ, ಎದ್ದು ಹೋದರೆ ಆಯಿತು. ಈಗ 160. ಶಿರಾಕ್ಕೆ ತಲುಪುವಾಗ ಶೇ. 10 ಉಳಿದಿರುತ್ತದೆ, ಅಲ್ಲಿ ಚಾರ್ಜರ್ ಕೆಟ್ಟಿದ್ದರೆ ಕಥೆ ಮುಗೀತು. ಹಾಗಾಗಿ ಹಿರಿಯೂರಿನಲ್ಲಿ ಒಂದು ಸಲ, ತುಮಕೂರಿನಲ್ಲಿ ಒಂದು ಸಲ. ಹಳೇ ಗಾಡಿಗೆ ಎಷ್ಟೇ ದೊಡ್ಡ ಫಾಸ್ಟ್ ಚಾರ್ಜರ್ ಸಿಕ್ಕರೂ ಅದು 25-30 ಕಿಲೋವ್ಯಾಟ್‌ಗಿಂತ, ಅಂದರೆ ಗಂಟೆಗೆ 25-30 ಯೂನಿಟ್‌ಗಿಂತ, ಜಾಸ್ತಿ ಕುಡಿಯಲ್ಲ. ಹೋದ ಮೇ ತಿಂಗಳಲ್ಲಿ ಹೈವೇ ಪಕ್ಕದ ಒಂದು ಚಾರ್ಜರ್ ಆಪ್‌ನಲ್ಲಿ ಖಾಲಿ ಇದೆ ಅಂತ ತೋರಿಸ್ತಿತ್ತು, ಹೋಗಿ ನೋಡಿದರೆ ಸ್ಕ್ರೀನೇ ಕಪ್ಪು. ಮುಂದಿನದಕ್ಕೆ ಎಸಿ ಆಫ್ ಮಾಡಿ, 50ರ ಸ್ಪೀಡಲ್ಲಿ, ಲಾರಿಗಳೆಲ್ಲ ಹಾರ್ನ್ ಹೊಡ್ಕೊಂಡು ದಾಟಿ ಹೋಗ್ತಿರುವಾಗ ಶೇ. 4ಕ್ಕೆ ಮುಟ್ಟಿದೆವು. ನಮ್ಮನೆಯವರು ಮದುವೆ ಕಾರ್ಡಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಒಂದೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಇದಾದ ಮೇಲೆ ನಾನೇ ಶೋರೂಮಿಗೆ ಹೋದೆ. ಕಾರು ನೋಡಲು ಬಂದ ಹುಡುಗ ಟಾರ್ಚ್ ಹಾಕಿ ಗೀರು ಹುಡುಕಿದ, ಬಾಗಿಲಿನ ತಗ್ಗು ಫೋಟೋ ತೆಗೆದ. ಬ್ಯಾಟರಿ ಬಗ್ಗೆ ಒಂದು ಪ್ರಶ್ನೆಯಿಲ್ಲ! ನನ್ನ 26.5ರ ಚೀಟಿ ಜೇಬಲ್ಲೇ ಉಳಿಯಿತು. ರೇಟು ಐದೂವರೆ ಲಕ್ಷ. ದುರ್ಗದ ಒಬ್ಬ ಹಳೇ ಗಾಡಿ ವ್ಯಾಪಾರಿ ಇನ್ನೂ ನೇರ: "ಇವಿನಾ ಸರ್? ಬ್ಯಾಟರಿ ಹೋದ್ರೆ ನನ್ ತಲೆ ಮೇಲೆ ಬರ್ತೈತಿ, ಬ್ಯಾಡ್ರಿ." ಜೊತೆಗೆ ತೆರಿಗೆ ಬೇರೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಹಳೇ ಇವಿ ಮಾರುವ ವ್ಯಾಪಾರಿಯ ಲಾಭದ ಮೇಲೆ ಶೇ. 18 ಅಂತ ಮಾಡಿತು. ಇಬ್ಬರು ಜನ ತಮ್ಮತಮ್ಮಲ್ಲೇ ಕೊಟ್ಟು ತಗೊಂಡರೆ ಅದಿಲ್ಲ. ಹರಿಹರದ ಲೆಕ್ಚರರ್ ಒಬ್ಬರು ದಿನಾ ದಾವಣಗೆರೆಗೆ ಓಡಾಡೋರು, ಕಾರು ಕೇಳಿ ಬಂದು 6.4 ಲಕ್ಷ ಅಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ವಾರಂಟಿ ಎಷ್ಟು ವರ್ಷ ಐತ್ರೀ?"

ಆಗ ನನಗೆ ಹೊಳೆಯಿತು. ಬ್ಯಾಟರಿ ವಾರಂಟಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ನನ್ನದು 2029ರ ಅಕ್ಟೋಬರ್‌ವರೆಗೆ ಇದೆ. ತಗೊಳ್ಳೋರು ದುಡ್ಡು ಕೊಡೋದು ಕಾರಿಗಲ್ಲ, ಆ ಉಳಿದ ವರ್ಷಗಳಿಗೆ. ಎರಡನೇ ಮಾಲೀಕರಿಗೆ ವಾರಂಟಿ ಹೋಗುತ್ತಾ ಅಂತ ನಿಮ್ಮ ಪುಸ್ತಕದಲ್ಲಿ ಮೊದಲೇ ನೋಡಿಕೊಳ್ಳಿ.

ಹೊಸ ಗಾಡಿಗಳು ಚೆನ್ನಾಗಿಲ್ಲ ಅಂತಲ್ಲ. ನೆಕ್ಸಾನ್‌ನಲ್ಲಿ 45 ಯೂನಿಟ್ ಬ್ಯಾಟರಿ ಇದೆ, ವಿಂಡ್ಸರ್‌ನಲ್ಲಿ 38 ಮತ್ತು 52.9 ಎರಡೂ ಸಿಗುತ್ತವೆ. ಕಾರಿನಿಂದಲೇ ಮನೆಯ ಫ್ಯಾನ್, ಮಿಕ್ಸಿ ನಡೆಸುವ ವ್ಯವಸ್ಥೆಯೂ ಬಂದಿದೆ, ನಿಜ ಹೇಳ್ತೀನಿ, ಕರೆಂಟ್ ಹೋದಾಗಲೆಲ್ಲ ಇದೊಂದಕ್ಕೆ ನನ್ನ ಮನಸ್ಸು ವಾಲುತ್ತದೆ. ಆದರೆ ಹೊಸದು ಹದಿನಾರೂವರೆ ಲಕ್ಷ, ಶೋರೂಮಿನವರು ಕೊಡೋದು ಐದೂವರೆ. ಕೈಯಿಂದ ಹಾಕಬೇಕಾದ್ದು ಹನ್ನೊಂದು ಲಕ್ಷ. ನಾವು ಬೆಂಗಳೂರಿಗೆ ಹೋಗೋದು ವರ್ಷಕ್ಕೆ ಹತ್ತು ಸಲ. ಹೋಗ್ತಾ ಒಂದು, ಬರ್ತಾ ಒಂದು ಗಂಟೆ ಉಳಿದರೆ ವರ್ಷಕ್ಕೆ 20 ಗಂಟೆ, ಏಳು ವರ್ಷಕ್ಕೆ 140. ಗಂಟೆಗೆ ಏಳೂಮುಕ್ಕಾಲು ಸಾವಿರದ ಮೇಲೆ! ಹೊಸ ಕಾರಿಗೂ ಮುಂದೆ ಬೆಲೆ ಬರುತ್ತಲ್ಲಪ್ಪ ಅಂತ ಮಗ ವಾದ ಮಾಡಿದ. ಸರಿ ಅರ್ಧ ಕಳಿ ಅಂದೆ, ಆಗಲೂ ನಾಲ್ಕು ಸಾವಿರದ ಹತ್ತಿರ. ಹಿರಿಯೂರಿನಲ್ಲಿ ಕೂತು ಕಾಫಿ ಕುಡಿಯೋಕೆ ಅಷ್ಟು ಖರ್ಚಾಗಲ್ಲ.

ನೀವು ವಾರವಾರ ಬೆಂಗಳೂರಿಗೆ ಹೋಗೋರಾದರೆ ಇದೇ ಲೆಕ್ಕ ಉಲ್ಟಾ ಆಗುತ್ತೆ, ಆಗ ಕೊಟ್ಟುಬಿಡಿ, ಶೋರೂಮಿಗೆ ಬೇಡ, ಗೊತ್ತಿರೋರಿಗೆ. ನಾನು 2028ರ ದಸರಾವರೆಗೆ ಇಟ್ಕೊಂಡು, ಒಂದು ವರ್ಷ ವಾರಂಟಿ ಉಳಿದಿರುವಾಗ ಮಾರುತ್ತೇನೆ. ಲೆಕ್ಚರರ್‌ಗೆ ಹೇಳಿಟ್ಟಿದ್ದೇನೆ. ವಂದೇ ಭಾರತ್ 2023ರಿಂದ ದಾವಣಗೆರೆಯಲ್ಲಿ ನಿಲ್ಲುತ್ತಿದೆ, ಮುಂದಿನ ಶನಿವಾರಕ್ಕೆ ಎರಡು ಟಿಕೆಟ್ ಆಗಿದೆ. ಕಾರು ಸ್ಟೇಷನ್‌ವರೆಗೆ ಮಾತ್ರ.